ಒಂದು ಬಳ್ಳಿಗೊಂದು ಗುಂಡಿ

ಲಾಂಜರೋಟೆ ದ್ವೀಪದಲ್ಲಿ ಮಳೆ ಬಂದರೆ ಸುದ್ದಿ;
ಬರದಿದ್ದರೆ ಮಂಗಳವಾರ.

ನಿಕಾಸಿಯಾ ಕರೀ ಬೂದಿಯನ್ನು
ಮೊಣಕೈವರೆಗೆ ಬಗೆದು ತೋರಿಸುತ್ತಾಳೆ:
ಮುಟ್ಟಿ ನೋಡಿ, ತಂಪು.
ರಾತ್ರಿ ಕಡಲಿಂದೆದ್ದ ತೇವ
ಬಿಸಿಲಿನ ಕಣ್ಣು ತಪ್ಪಿಸಿ ಇಲ್ಲಿ ಕೂತಿದೆ.

ಬೆಟ್ಟ ಕಾರಿಕೊಂಡದ್ದು ಮುತ್ತಜ್ಜಿಯ ಮುತ್ತಜ್ಜಿಯ ಆಚೆಗೆ.
ಗೋಧಿ ಹೊಲ, ಹಗೇವು, ಬರ್ಮೇಹಾ ಎಂಬ ಕೆಂದಾಕಳು
ಎಲ್ಲ ಕೆಳಗಿವೆ.
ಬೇರು ಆ ಹಳೇ ಮಣ್ಣಿಗೇ ಇಳಿಯಬೇಕು;
ಅದಕ್ಕೇ ಒಂದು ಬಳ್ಳಿಗೊಂದು ಗುಂಡಿ,
ಗಾಳಿಗೆ ಬೆನ್ನು ಕೊಟ್ಟ
ಅರ್ಧಚಂದ್ರ ಕಲ್ಲುಗೋಡೆ.

ಚಪ್ಪರ ಬೇಡವೇ ಎಂದೆ. ನಕ್ಕಳು.
ಎದ್ದು ನಿಂತದ್ದನ್ನು ಇಲ್ಲಿಯ ಗಾಳಿ ಬಿಡುವುದಿಲ್ಲ.
ಹೊರಗಿಂದ ತಂದ ತಳಿಗಳು
ಎರಡು ಬೇಸಿಗೆ ತಲೆಯೆತ್ತಿ ನೋಡಿ ಹೋದವು;
ಮಾಲ್ವಸೀಯಾ ಮಾತ್ರ
ನೆಲ ಕಚ್ಚಿ ಮಲಗಲು ಕಲಿತಿತ್ತು.

ಕುಯ್ಲಿನ ಯಂತ್ರ ಗುಂಡಿಗಿಳಿಯದು.
ಅವಳೂ ಈಗ ಕಷ್ಟದಲ್ಲೇ ಇಳಿಯುತ್ತಾಳೆ,
ಬುಟ್ಟಿ ಮೊದಲು, ಮಂಡಿ ಆಮೇಲೆ.

ಸಂಜೆ ಲೋಟಕ್ಕೆ ಸುರಿದುಕೊಟ್ಟಳು.
ನಿಂಬೆಸಿಪ್ಪೆ, ಆಮೇಲೆ ಉಪ್ಪು,
ಕೊನೆಗೆ, ಒಲೆಗೆ ನೀರು ಚಿಮುಕಿಸಿದಾಗ ಏಳುವ
ಆ ವಾಸನೆ.

"ಆಕಳು ಸಿಕ್ಕಿತೇ?"

ಇನ್ನೊಂದು ಗುಟುಕು ಕುಡಿದೆ.
ಸುಳ್ಳು ಹೇಳಲು ಮನಸ್ಸಾಗದೆ
ಇನ್ನೂ ಇಲ್ಲ ಎಂದೆ.

ಲೋಟ ತುಂಬಿಸಿದಳು.