ಅಕ್ಕ ಎಂದರೆ ನಾಲ್ಕು

ಗ್ರಿಮ್ಸ್‌ಬಿಯ ಲೈಬ್ರರಿಯಲ್ಲಿ ಮಂಗಳವಾರ ಸಂಜೆ ಆರಕ್ಕೆ
ಹೀಟರ್ ಪಕ್ಕದ ಕುರ್ಚಿಗೆ ಪೈಪೋಟಿ.
ಐದು ಜನ, ಮೂರು ಕಂಪ್ಯೂಟರು,
ಹೊರಗೆ ಬಂದರಿನ ಗಾಳಿ, ಅದಕ್ಕೆ ಮೀನಿನ ಮೈವಾಸನೆ.

ವಿನಿಫ್ರೆಡ್ ಓಲ್ಡ್‌ರಾಯ್ಡ್, ಎಪ್ಪತ್ತೊಂದು,
ಐಸ್ ಕಾರ್ಖಾನೆಯ ಲೆಕ್ಕ ಬರೆದು ಸವೆದ ಬೆರಳು,
ಮೊದಲ ದಿನ ಹಳೆಯ ಪೆಟ್ಟಿಗೆಯೊಂದರ ಮುಚ್ಚಳ ಬಿಚ್ಚಿದರು:
"ಇದು ನೆನಪು. ಕರೆಂಟು ಹೋದರೆ ಎಲ್ಲ ಮರೆಯುತ್ತೆ, ನನ್ನ ಗಂಡನ ಹಾಗೆ.
ಇದು ಉಗ್ರಾಣ. ಏನೂ ಮರೆಯಲ್ಲ, ನನ್ನ ಹಾಗೆ.
ಇವನು ಲೆಕ್ಕದವನು. ಬಲು ಚುರುಕು, ಸ್ವಂತ ಬುದ್ಧಿ ಸೊನ್ನೆ."
ಧೂಳು ಊದಿದರು. ನೆವಿಲ್ ಸೀನಿದ.

ನೆವಿಲ್ ಬಲೆ ಹೆಣೆಯುತ್ತಿದ್ದವನು, ಬಲೆಗಳಿದ್ದಾಗ.
ಯುರ್ಗಿತಾ ದಿನವಿಡೀ ಹ್ಯಾಡಕ್ ಮೀನಿನ ಮುಳ್ಳು ತೆಗೆಯುವವಳು,
ಕೀಬೋರ್ಡು ಮುಟ್ಟುವ ಮುಂಚೆ ಕೈ ಮೂಸಿಕೊಳ್ಳುತ್ತಾಳೆ.
ನನ್ನದು ವೃದ್ಧರ ಮನೆಯಲ್ಲಿ ರಾತ್ರಿ ಪಾಳಿ.
ಯಾಕೆ ಬಂದೆ ಅಂದರೆ: ಬಿಟ್ಟಿ, ಬೆಚ್ಚಗಿದೆ, ಬಿಸ್ಕತ್ತಿದೆ.

ಪೈಥಾನ್ ಎಂದಾಗ ಹೆಬ್ಬಾವು ನೆನೆದು ಕಾಲು ಮೇಲೆತ್ತಿಕೊಂಡಿದ್ದೆ.
ಅಂಥದ್ದೇನಿಲ್ಲ. ಸಾಲಿನ ಕೊನೆಗೆ ಎರಡು ಚುಕ್ಕಿ ಇಟ್ಟರೆ
ಮುಂದಿನ ಸಾಲು ನಾಲ್ಕು ಹೆಜ್ಜೆ ಒಳಕ್ಕೆ,
ಹೊಸ್ತಿಲು ದಾಟಿ ನಡುಮನೆಗೆ ಬಂದ ಹಾಗೆ.
ಹೊಸ್ತಿಲಲ್ಲೇ ನಿಂತರೆ ಯಂತ್ರ ಕೆಂಪಗಾಗುತ್ತದೆ.

ಎಣಿಕೆ ಸೊನ್ನೆಯಿಂದ.
"ಮೊದಲನೆಯದಕ್ಕೆ ಸೊನ್ನೆ ಯಾಕೆ?" ನೆವಿಲ್ ಜಗಳಕ್ಕೇ ನಿಂತ.
"ನೆಲದಂತಸ್ತಿಗೆ ಲಿಫ್ಟಿನಲ್ಲಿ ಯಾವ ಗುಂಡಿ ಒತ್ತುತ್ತೀಯ?"
ಅವನು ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡ.

ಐದನೇ ಮಂಗಳವಾರ, ಅಂದರೆ ನಾಲ್ಕನೆಯದು, ಲೆನ್ ಕಲಿತೆವು.
ಮಾತು ಕೊಟ್ಟರೆ ಅದರ ಉದ್ದ ಹೇಳುತ್ತದೆ.
ಯುರ್ಗಿತಾ ಮಗ ರೋಕಾಸನ ಹೆಸರು ಕೊಟ್ಟಳು: ಐದು.
ನೆವಿಲ್ ಗುಜರಿಗೆ ಹೋದ ದೋಣಿಯ ಹೆಸರು ಕೊಟ್ಟ: ಹನ್ನೊಂದು,
ಎರಡು ಮಾತಿನ ನಡುವಿನ ಬರಿದೂ ಸೇರಿ.
"ಖಾಲಿ ಜಾಗಾನೂ ಎಣಿಸುತ್ತಾ?"
"ಎಣಿಸುತ್ತೆ."

ನನಗೆ ಯಾವ ಹೆಸರೂ ಹೊಳೆಯಲಿಲ್ಲ.
ಬೆರಳೇ ಕನ್ನಡಕ್ಕೆ ತಿರುಗಿ, ಅಕ್ಕ ಎಂದು ಒತ್ತಿತು.

ನಾಲ್ಕು.

ಬಾಯಿಗೆ ಎರಡೇ ಅಕ್ಷರ.
ಹೈಸ್ಕೂಲಿನ ಗುರು-ಲಘು ಹಾಕಿದರೆ ಮಾತ್ರೆ ಮೂರು.
ಇದು ನಾಲ್ಕು ಅನ್ನುತ್ತಿದೆ.
ಸ್ಲೇಟಿನ ಮೇಲೆ ಕೈ ಹಿಡಿದು ಒತ್ತಕ್ಷರ ತಿದ್ದಿಸಿದವಳು ಅವಳೇ,
ಅವಳೂ ಇಷ್ಟು ಲೆಕ್ಕ ಕೊಟ್ಟಿರಲಿಲ್ಲ.

"ಬಿಚ್ಚಿ ನೋಡು" ಎಂದರು ವಿನಿಫ್ರೆಡ್.
ಫಾರ್ ಬರೆದೆ, ಎರಡು ಚುಕ್ಕಿ, ನಾಲ್ಕು ಹೆಜ್ಜೆ ಒಳಗೆ, ಪ್ರಿಂಟ್.
ಒಂದರ ಕೆಳಗೊಂದು ಇಳಿದವು:
ಅ
ಕ
ಚುಕ್ಕಿಗಳ ಬಳೆಗೆ ಸಿಕ್ಕಿಸಿದ ಒಂದು ಸಣ್ಣ ಕೊಕ್ಕೆ
ಕ

ನೆವಿಲ್ ಕನ್ನಡಕ ಏರಿಸಿದ. "ಅದು ಗಾಳ. ಏನು ಹಿಡಿಯುತ್ತೆ?"
ಏನು ಹೇಳಲಿ. ಮೊದಲ ಕಕಾರದ ಹೊಟ್ಟೆಯ ಸ್ವರವನ್ನು ಎಳೆದು ಹಾಕುತ್ತೆ,
ದನಿ ಹೋದದ್ದು ಇನ್ನೊಂದನ್ನು ಕಾಲಬಳಿ ಕೂರಿಸಿಕೊಂಡು ನಿಲ್ಲುತ್ತೆ,
ಬರೆದಾಗ ಕಾಣದು, ಓದಿದಾಗ ಕೇಳದು...
ನನ್ನ ಇಂಗ್ಲಿಷು ಅಷ್ಟು ಉದ್ದವಿಲ್ಲ.
"ಉಸಿರು" ಎಂದೆ. "ಉಸಿರು ಹಿಡಿಯುತ್ತೆ."

ಒಂಬತ್ತು ವರ್ಷ ನಾವು ಮಾತು ಬಿಟ್ಟು.
ಅಮ್ಮನ ಹೊಲಿಗೆ ಮೆಷಿನ್ನು ಯಾರಿಗೆ ಎಂದು ಶುರುವಾದದ್ದು.
ಅದೀಗ ಯಾರ ಮನೆಯಲ್ಲೂ ಇಲ್ಲ.

ಮುಂದಿನ ವಾರ ವೈಲ್ ಅಂತೆ.
ನಿಲ್ಲುವುದು ಯಾವಾಗ ಎಂದು ಮೊದಲೇ ಬರೆಯದಿದ್ದರೆ
ಯಂತ್ರ ಸುತ್ತುತ್ತಲೇ ಇರುತ್ತದಂತೆ,
ಸುಸ್ತಾಗದೆ, ಯಾಕೆಂದು ಕೇಳದೆ.

ರಾತ್ರಿ ಮೂರು. ದಾವಣಗೆರೆಯಲ್ಲಿ ಎಂಟೂವರೆ,
ಎರಡನೇ ಕಾಫಿಗೆ ಹಾಲು ಇಟ್ಟು ಮರೆತಿರುತ್ತಾಳೆ.
ಫೋನಿನಲ್ಲಿ ಬರೆದೆ: ಅಕ್ಕ, ನೀನು ನಾಲ್ಕು, ಗೊತ್ತಾ?
ಹುಚ್ಚು ಅಂದುಕೊಳ್ಳುತ್ತಾಳೆ. ಅಳಿಸಿದೆ. ಮತ್ತೆ ಬರೆದೆ.
ಗೊತ್ತಾ ತೆಗೆದೆ, ಅದರಲ್ಲೂ ಒಂದು ಕೊಕ್ಕೆ.

ಹನ್ನೆರಡನೇ ಕೋಣೆಯ ಗಂಟೆ ಹೊಡೆಯಿತು.
ಮಿಸೆಸ್ ಥ್ರಸೆಲ್‌ಗೆ ನೀರು ಬೇಕಿರಬೇಕು.
ಫೋನನ್ನು ಏಪ್ರನ್ ಜೇಬಿಗೆ ತುರುಕಿ ಎದ್ದೆ,
ಹೆಬ್ಬೆರಳು ಎಲ್ಲಿ ತಗುಲಿತೋ
ನೋಡಲಿಲ್ಲ.