ಬೂದು ಬಣ್ಣಕ್ಕೆ ಒಂದು ಮುಚ್ಚಳ ನೀರು

ಕಪ್ಪು ಗೆರೆಗಳಿಗೆ ಏನೂ ಆಗಿಲ್ಲ.
ಹುಬ್ಬು, ಮೂಗಿನ ಅಂಚು, ತಲೆವಸ್ತ್ರದ ಗಂಟು
ಎಲ್ಲ ನಾನು ಬಿಟ್ಟಲ್ಲೇ ಇವೆ.
ಗುಳ್ಳೆ ಎದ್ದಿರುವುದು ನೆರಳಿದ್ದ ಕಡೆ ಮಾತ್ರ:
ಕೆನ್ನೆಯ ಕುಳಿ, ಕಣ್ಣ ಕೆಳಗಿನ ಚೀಲ,
ಗದ್ದದಡಿಯ ಮಬ್ಬು.

ಆನ್ಸೆಲ್ಮೊ ಚಿಗ್ವಾಯ್ ತೋಳು ಚಾಚಿ ಕೂತಿದ್ದಾನೆ
ಪುಂತಾ ಅರೆನಾಸ್ ಆಸ್ಪತ್ರೆಯ ಹಸಿರು ಕುರ್ಚಿಯಲ್ಲಿ.
ಏಡಿ ಹಿಡಿಯುವವನ ತೋಳು, ಹಗ್ಗ ಉಜ್ಜಿದ ಗುರುತು,
ಅದರ ಮೇಲೆ ಅವನಜ್ಜಿ ದೊಮಿತಿಲಾ,
ಸತ್ತ ಮೂರು ವರ್ಷಕ್ಕೆ ಸಿಡುಬು ಎದ್ದವಳು.

ಮೂರು ವಾರ ಏನೂ ಇರಲಿಲ್ಲ.
ಹಕ್ಕಳೆ ಉದುರಿ, ಚರ್ಮ ಮಿನುಗಿ,
ಹಡಗುಕಟ್ಟೆಯಲ್ಲೆಲ್ಲ ತೋಳು ತೋರಿಸುತ್ತ ತಿರುಗಿದನಂತೆ.
ಆಮೇಲೆ ಒಂದು ಕೆಂಪು ಚುಕ್ಕೆ. ಮರುದಿನ ಏಳು.
ಮುಲಾಮು ಹಚ್ಚಿದ; ಜಗ್ಗಲಿಲ್ಲ.
ಹೆಂಡತಿ ಉಪ್ಪುನೀರಲ್ಲಿ ತೊಳೆದಳು; ಜಗ್ಗಲಿಲ್ಲ.

ಡಾಕ್ಟರಮ್ಮ ಚಿಟಿಕೆಯಷ್ಟು ಚರ್ಮ ಕೊಯ್ದು
ಗಾಜಿನ ತಟ್ಟೆಯಲ್ಲಿ ಬೆಳೆಯಲು ಬಿಟ್ಟಿದ್ದಳು.
"ನಲ್ಲಿನೀರಲ್ಲಿ ಇರುವಂಥದ್ದು" ಅಂದಳು,
"ಕುಡಿದವರಿಗೆ ಗೊತ್ತೇ ಆಗುವುದಿಲ್ಲ.
ಚರ್ಮದೊಳಗೆ ಇಳಿಸಿದರೆ ಸಂಸಾರ ಹೂಡುತ್ತದೆ."
ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆತ್ತಗೆ:
"ಬೂದು ಬಣ್ಣ ಹೇಗೆ ಮಾಡ್ತೀರಿ?"

ಹೇಗೆ ಮಾಡ್ತೀನಿ.
ಅವತ್ತು ಶುದ್ಧನೀರಿನ ಬಾಟಲಿ ಮುಗಿದಿತ್ತು.
ಹೊರಗೆ ಮಾಡಿನ ತಗಡು ಕೀಳುವ ಗಾಳಿ.
ಕೈಗವಸು ಹೊಸದು, ಸೂಜಿ ಹೊಸದು,
ಮೇಜು ಎರಡು ಸಲ ಒರೆಸಿದ್ದೆ.
ಕಪ್ಪಿಗೆ ಒಂದೇ ಒಂದು ಮುಚ್ಚಳ ನಲ್ಲಿನೀರು,
ಹಾಲಿನವರು ಬೆರೆಸುವ ಹಾಗೆ,
ಬೆನ್ನು ತಿರುಗಿಸಿ.

ಹೇಳಬಾರದು, ಆದರೂ ಹೇಳುತ್ತೇನೆ:
ಅಂಥ ನೆರಳು ನನ್ನ ಕೈಗೆ ಹಿಂದೆಂದೂ ಬಂದಿರಲಿಲ್ಲ.
ಫೋಟೋದಲ್ಲಿ ಇಲ್ಲದ ದಣಿವು ಕೂಡ
ಮುದುಕಿಯ ಕೆನ್ನೆಗೆ ಇಳಿದಿತ್ತು.
ಆನ್ಸೆಲ್ಮೊ ಕನ್ನಡಿ ನೋಡಿ ಅತ್ತಿದ್ದ,
ಹೇಳಿದ್ದಕ್ಕಿಂತ ಹೆಚ್ಚು ದುಡ್ಡು ಕೊಟ್ಟಿದ್ದ. ನಾನು ತೆಗೆದುಕೊಂಡಿದ್ದೆ.

ಡಾಕ್ಟರಮ್ಮನಿಗೆ ನೀರಿನದಷ್ಟು ಹೇಳಿದೆ. ಬರೆದುಕೊಂಡಳು.
ಅವನು ಕಿಟಕಿಯಾಚೆ ಜಲಸಂಧಿ ನೋಡುತ್ತಿದ್ದ.
"ಅಜ್ಜಿಯ ಮನೆಗೆ ನಲ್ಲಿ ಬಂದದ್ದು ಎಂಬತ್ತರ ವಯಸ್ಸಿಗೆ" ಅಂದ.
"ದಿನಾ ಅದರ ಹಿತ್ತಾಳೆ ಮೂತಿ ಉಜ್ಜೋಳು,
ಮೊಮ್ಮಗನ ಮುಖ ತೊಳೆದ ಹಾಗೆ."
ನಕ್ಕನೋ ಬಯ್ದನೋ ತಿಳಿಯಲಿಲ್ಲ.

ಆರು ತಿಂಗಳು ಮಾತ್ರೆ.
ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೋಣಿಗೂ ಒಯ್ಯುತ್ತಾನೆ.
ನನ್ನ ತಪ್ಪನ್ನು ಅವನು ಹೊಟ್ಟೆಗೆ ಹಾಕಿಕೊಳ್ಳುತ್ತಿರುವುದು ಹೀಗೆ,
ಬೆಳಿಗ್ಗೆ ಒಂದು, ರಾತ್ರಿ ಒಂದು,
ಊಟದ ನಂತರ.
ಅದಕ್ಕಿಂತ ಹೆಚ್ಚು ಕೇಳಲು ನನಗೆ ಬಾಯಿಲ್ಲ.

ಈಗ ಅಂಗಡಿಯ ತುಂಬ ಮೊಹರು ಮಾಡಿದ ಬಾಟಲಿಗಳು.
ಕೈ ತೊಳೆಯಲು ನಲ್ಲಿ ತಿರುಗಿಸುತ್ತೇನೆ.
ಮೊದಲಿನಷ್ಟೇ ತಿಳಿಯಾಗಿ ಬರುತ್ತದೆ ನೀರು,
ಲೋಟ ಹಿಡಿದು, ಕುಡಿದೂ ಕುಡಿಯುತ್ತೇನೆ.