ಅಡಮಾನ

ಯಂತ್ರ ಮೂರನೇ ಸಲವೂ ಒಲ್ಲೆ ಎಂದಿತು.
‘ಬೆರಳು ಒರೆಸಿಕೊಳ್ಳಿ ಅಮ್ಮ’ ಅಂದೆ.
ಚಿನ್ನಪಾಪಮ್ಮ ಸೆರಗಿಗೆ ಒರೆಸಿದಳು, ಆಮೇಲೆ ತಲೆಗೂದಲಿಗೆ;
ಎಣ್ಣೆ ತಗುಲಿದರೆ ಗೆರೆ ಏಳುತ್ತವೆಂದು
ರೇಷನ್ ಅಂಗಡಿಯವನು ಹೇಳಿಕೊಟ್ಟಿದ್ದನಂತೆ.
ಕೆಂಪು ದೀಪ. ಮತ್ತೆ ಕೆಂಪು ದೀಪ.

ಇಪ್ಪತ್ತಾರು ವರ್ಷ ಜಾಲಿ ಮೊಹಲ್ಲಾದಲ್ಲಿ
ಗಾಜು ಬೇರೆ, ತಗಡು ಬೇರೆ, ಹಾಲಿನ ಕವರು ಬೇರೆ
ಮಾಡಿ ಮಾಡಿ ಸವೆದ ಬೆರಳು.
ಊರ ಕಸದಲ್ಲಿ ಗುರುತು ಬಿಟ್ಟುಬಂದವಳನ್ನು
ನೀನು ನೀನೇ ಎಂದು ರುಜುವಾತು ಮಾಡು ಎಂದು
ಮೈಸೂರು ರಸ್ತೆಯ ನಮ್ಮ ಶಾಖೆ ಕೇಳುತ್ತಿತ್ತು.

ಓದು ಬಾರದವರನ್ನು ಹೆಬ್ಬೆಟ್ಟು ಅನ್ನುತ್ತಿದ್ದೆವು.
ಹೆಬ್ಬೆಟ್ಟೂ ಉಳಿಯದವರಿಗೆ
ನಮ್ಮಲ್ಲಿ ಹೆಸರಿಲ್ಲ.

ಕೇಳಿದ್ದು ನಾಲ್ಕೂವರೆ ಲಕ್ಷ:
ಪ್ಲಾಸ್ಟಿಕ್ಕನ್ನು ಅದುಮಿ ಕಟ್ಟು ಕಟ್ಟುವ ಒಂದು ಮಿಷಿನ್ನು,
ಮೂರು ಗಾಲಿಯ ಕರೆಂಟು ಗಾಡಿ.
‘ಅಡಮಾನಕ್ಕೇನಿದೆ?’
ನನ್ನ ನಾಲಿಗೆಯ ರೂಢಿ ಅದು, ಜನ ಊಟ ಆಯ್ತಾ ಅನ್ನುವಂತೆ.
ಇಷ್ಟು ಸಣ್ಣ ಸಾಲಕ್ಕೆ ಕೇಳಬಾರದೆಂಬ ಸುತ್ತೋಲೆ ಡ್ರಾಯರಿನಲ್ಲೇ ಇತ್ತು,
ನಾಲಿಗೆಗೆ ಇನ್ನೂ ತಲುಪಿರಲಿಲ್ಲ.

ಅವಳು ಒಂದಿಷ್ಟು ಹೊತ್ತು ನನ್ನ ಮೇಜಿನ ಕೆಳಗೆ ನೋಡಿದಳು.
‘ಕಾಫಿ ಲೋಟ, ಹರಿದ ಚೆಕ್ಕು, ಬಾಳೆಸಿಪ್ಪೆ
ಎಲ್ಲ ಒಂದೇ ಬುಟ್ಟೀಲಿ ಹಾಕಿದ್ದೀರ ಸಾರ್.
ನಾವು ಬರಲಿಲ್ಲಾಂದ್ರೆ ನಾಳೆ ಇದು ಎಲ್ಲಿಗೆ ಹೋಗ್ತದೆ?’

ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು.
ಹನ್ನೊಂದು ವರ್ಷದ ಕೆಳಗೆ, ಹೊರವರ್ತುಲ ರಸ್ತೆಯಾಚೆ,
ಒಂದು ಕೆರೆಯ ಮಗ್ಗುಲಲ್ಲಿ ಎದ್ದ ಹದಿನಾಲ್ಕು ಮಹಡಿಗೆ
ಸಾಲದ ಕಡತ ಹೊತ್ತು ಓಡಾಡಿದವನು ನಾನೇ.
ಅಡಮಾನ ಭದ್ರವಾಗಿತ್ತು. ವಕೀಲರ ಅಭಿಪ್ರಾಯವಿತ್ತು.
ನಕ್ಷೆಯಲ್ಲಿ ರಾಜಕಾಲುವೆ ಒಂದು ಸಣ್ಣ ನೀಲಿ ಗೀಟು,
ನಮ್ಮ ಸೀಲು ಅದರ ಮೇಲೇ ಬಿತ್ತು, ಕೊಂಚ ಜೋರಾಗಿಯೇ.
ಸಿಹಿ ಡಬ್ಬಿ ಬಂತು, ಹಂಚಿಕೊಂಡೆವು.
ಈಗ ಮಳೆ ಬಿದ್ದಾಗೆಲ್ಲ ಅಲ್ಲಿ ರಬ್ಬರು ದೋಣಿ ಓಡುತ್ತದೆ.
ಕಸದ ಚೀಲಗಳು ತೇಲಿ ಬಂದು ಲಿಫ್ಟಿಗೆ ಕಾಯುತ್ತವೆ.
ಜನ ಸೊಂಟಮಟ್ಟ ನೀರಲ್ಲಿ ನಿಂತೇ
ಫೋನಿನಲ್ಲಿ ಕಂತು ಕಟ್ಟುತ್ತಾರೆ.
ನಮ್ಮ ಲೆಕ್ಕದಲ್ಲಿ ಅದು ಒಳ್ಳೆಯ ಸಾಲ, ಒಂದು ದಿನ ತಪ್ಪಿಲ್ಲ.
ಕೆರೆಯ ಬಾಕಿ ಯಾರ ಖಾತೆಯಲ್ಲೂ ಏಳುವುದಿಲ್ಲ.

ಚಿನ್ನಪಾಪಮ್ಮ ಪ್ಲಾಸ್ಟಿಕ್ ಚೀಲದಿಂದ
ಒಂದು ನೂರು ಪುಟದ ನೋಟ್‌ಬುಕ್ಕು ತೆಗೆದಳು.
ಒಂಬತ್ತು ಹೆಂಗಸರ ಚೀಟಿ, ವಾರಕ್ಕೆ ಇನ್ನೂರು,
ಬರೆದದ್ದು ಲೂರ್ದುಮೇರಿಯ ಎಂಟನೇ ಕ್ಲಾಸಿನ ಮಗಳು.
ಏಳು ವರ್ಷ. ನಾನು ಪುಟ ಪುಟ ಕೂಡಿದೆ,
ಎಲ್ಲೂ ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲ.
ಒಂದು ಕಡೆ ಮಾತ್ರ ಪೆನ್ಸಿಲಿನಲ್ಲಿ:
‘ನಾಗವೇಣಿ. ಮನೇಲಿ ಸಾವು. ಮೂರು ವಾರ ಕೇಳಬೇಡಿ.’

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ
ಇಂಥ ಅಂಕಣ ನಾನು ಕಂಡಿರಲಿಲ್ಲ.

ಗಾಜಿನ ಕೋಣೆಯಲ್ಲಿ ಶೇಷಗಿರಿ ಕಾಮತರು ಕನ್ನಡಕ ಏರಿಸಿದರು, ಇಳಿಸಿದರು.
ಅವರ ಹಿಂದೆ ಗೋಡೆಯ ಚಿತ್ರದಲ್ಲಿ ಒಬ್ಬ ಹೆಂಗಸು,
ಕೈಯಲ್ಲಿ ಪಾಸ್‌ಬುಕ್ಕು, ಹಿನ್ನೆಲೆಗೆ ಹಸಿರು ಎಲೆ,
ಉಗುರು ತೀರಾ ಚೊಕ್ಕ.
‘ಗಾಡಿ ಬೇಡ, ಮಿಷಿನ್ನಿಗೆ ಮಾತ್ರ ಬರೀರಿ,
ತೀರಿಸಲಿ, ಆಮೇಲೆ ನೋಡೋಣ’ ಅಂದರು.
ಹದಿನಾಲ್ಕು ಮಹಡಿಗೆ ಯಾರೂ ಹೀಗೆ
ಮೊದಲು ಏಳು ಕಟ್ಟಲಿ ಅಂದಿರಲಿಲ್ಲ.

ಕಣ್ಣು ಓದುವ ಯಂತ್ರ ಬೇರೆ ಶಾಖೆಯಿಂದ ಬಂತು.
ಅವಳು ರೆಪ್ಪೆ ಅಲುಗಿಸದೆ ಕೂತಳು. ಹಸಿರು ದೀಪ.
ಅಡಮಾನದ ಜಾಗದಲ್ಲಿ ನಾನು ಏನು ಬರೆದೆ
ಹೇಳುವುದಿಲ್ಲ, ಆಡಿಟ್ಟು ಇನ್ನೂ ಆಗಿಲ್ಲ.

ಮೊದಲ ಕಂತು ಕಟ್ಟಲು ಬಂದ ದಿನ
ಹತ್ತರ ನೋಟುಗಳ ಕಟ್ಟು, ರಬ್ಬರ್ ಬ್ಯಾಂಡು, ರಟ್ಟಿನ ವಾಸನೆ.
ರಸೀತಿ ಮಡಚಿ ಕುಪ್ಪಸದಲ್ಲಿಟ್ಟು
ನನ್ನ ಮೇಜಿನ ಕೆಳಗೆ ಬಗ್ಗಿದಳು.
ಈಗ ಎರಡು ಬುಟ್ಟಿಗಳಿದ್ದವು.
ಹಸಿಯದರಿಂದ ಒಂದು ಪೆನ್ನಿನ ಮುಚ್ಚಳ ಎತ್ತಿ
ಒಣಗಿದರಲ್ಲಿ ಹಾಕಿ,
‘ಕಲೀತೀರ ಬಿಡಿ’ ಅಂದಳು.